ಸಕುರಾ: ಉದುರುವವರು ಯಾರು, ನೋಡುವವರು ಯಾರು?

ಜಪಾನಿನ ಸಕುರಾ ಹೂವಿನ ಬಗ್ಗೆ ನಮ್ಮಲ್ಲಿ ಬರೆಯುವವರು ಬಹುಪಾಲು ಒಂದೇ ಮಾತನ್ನು ತಿರುಗಾ ಮುರುಗಾ ಹೇಳುತ್ತ ಬಂದಿದ್ದಾರೆ. ಹೂವು ಅರಳುತ್ತೆ, ಒಂದು ವಾರ ಇರುತ್ತೆ, ಉದುರುತ್ತೆ. ಬದುಕೂ ಹಾಗೇ ಕ್ಷಣಿಕ. ಇದನ್ನು ಕಂಡುಕೊಂಡ ಜಪಾನೀಯರು ಎಂಥ ಸೂಕ್ಷ್ಮ ಜನ! ಇಷ್ಟು ಹೇಳಿ, ಅನುವಾದದ ಅನುವಾದವಾದ ಎರಡು ಹಾಯ್ಕು ಅಂಟಿಸಿದರೆ ಲೇಖನ ಮುಗಿಯಿತು. ಬೆಂಗಳೂರಿನ ರಸ್ತೆಗಳಲ್ಲಿ ಟಬೂಬಿಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸಾಕು, ಪತ್ರಿಕೆಗಳು ಅದನ್ನು ಸಕುರಾಕ್ಕೆ ಹೋಲಿಸಿ ಚಿತ್ರ ಹಾಕುತ್ತವೆ. ಆ ಮರ ಬಂದದ್ದು ಅಮೆರಿಕ ಖಂಡದ ಬಿಸಿ ನಾಡುಗಳಿಂದ. ಸಕುರಾಕ್ಕೂ ಅದಕ್ಕೂ ಕುಲದ ನಂಟಿಲ್ಲ. ಆದರೂ ಹೋಲಿಕೆ ನಡೆಯುತ್ತದೆ, ಯಾಕಂದರೆ ನಮಗೆ ಬೇಕಾದ್ದು ಮರವಲ್ಲ, ಮರದ ಜೊತೆ ಬರುವ ಆ ನವಿರಾದ ನಿಟ್ಟುಸಿರು.

ಆ ನಿಟ್ಟುಸಿರಿಗೆ ಒಂದು ಚರಿತ್ರೆ ಇದೆ. ಅದನ್ನು ಕೇಳದೆ ಹೂವನ್ನು ಹೊಗಳುವುದು ಅರಮನೆಯ ಕಂಬ ನೋಡಿ ಕಲ್ಲು ಹೊತ್ತವನನ್ನು ಮರೆತ ಹಾಗೆ. ಉದುರುವುದೇ ಚೆಲುವು ಎಂದು ಮೊದಲು ಹೇಳಿದವರು ಯಾರು? ಹಾಗೆ ಹೇಳಿಸಿಕೊಂಡು ಉದುರಿದವರು ಯಾರು? ಮರ ನೆಟ್ಟವರು ಯಾರು? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಸಕುರಾದ ಕಡೆ ನಡೆಯೋಣ.

1

ಮೊದಲಿಗೆ ಒಂದು ಸುಳ್ಳನ್ನು ಕಳೆಯಬೇಕು. ಸಕುರಾ ಅನಾದಿಯಿಂದ ಜಪಾನಿನ ಆತ್ಮ ಎಂಬುದು ಆ ಸುಳ್ಳು. ಎಂಟನೆಯ ಶತಮಾನದಲ್ಲಿ ಕೂಡಿಸಿದ ಮಾನ್ಯೋಶೂ ಎಂಬ ಹಳೆಯ ಸಂಕಲನದಲ್ಲಿ ಸುಮಾರು 4,500 ಪದ್ಯಗಳಿವೆ. ಅದರಲ್ಲಿ ಪ್ಲಮ್ ಹೂವಿನವು ನೂರಕ್ಕೂ ಹೆಚ್ಚು, ಸಕುರಾದವು ನಲವತ್ತರ ಆಸುಪಾಸು. ಪ್ಲಮ್ ಚೀನಾದಿಂದ ಬಂದ ಹೂವು. ಆಗ ಚೀನಾದ್ದೆಲ್ಲ ದೊಡ್ಡದು, ಹಾಗಾಗಿ ಆ ಹೂವೂ ದೊಡ್ಡದು. 905ರಲ್ಲಿ ಚಕ್ರವರ್ತಿಯ ಆಜ್ಞೆಯ ಮೇಲೆ ಕೊಕಿನ್‌ಶೂ ಸಂಕಲನ ಸಿದ್ಧವಾಗುವ ಹೊತ್ತಿಗೆ ಲೆಕ್ಕ ತಲೆಕೆಳಗಾಗಿತ್ತು. ವಸಂತದ ಪದ್ಯಗಳನ್ನೆಲ್ಲ ಸಕುರಾ ಆಳುತ್ತಿತ್ತು. ನಡುವೆ ಆದದ್ದೇನು? ಕ್ಯೋಟೋದ ಆಸ್ಥಾನ ತನಗೊಂದು ಸ್ವಂತ ಗುರುತು ಬೇಕೆಂದು ಹುಡುಕಿಕೊಂಡಿತು. 812ರಲ್ಲಿ ಸಾಗಾ ಚಕ್ರವರ್ತಿ ಶಿನ್‌ಸೆನ್‌ಎನ್ ಎಂಬ ಉದ್ಯಾನದಲ್ಲಿ ಹೂವಿನ ಔತಣ ನಡೆಸಿದ. ಹೂವು ನೋಡುವುದು, ಮದ್ಯ ಕುಡಿಯುವುದು, ಪದ್ಯ ಕಟ್ಟುವುದು ಅಲ್ಲಿಂದ ಆಸ್ಥಾನದ ಪದ್ಧತಿಯಾಯಿತು.

ಅಲ್ಲಿಂದಾಚೆಗೆ ಆಸ್ಥಾನಿಕರು, ಭಿಕ್ಷುಗಳು ಕ್ಯೋಟೋದಲ್ಲಿ ಯಾವ ದಿನ ಹೂವು ತುಂಬಿತು ಎಂದು ದಿನಚರಿಗಳಲ್ಲಿ ಬರೆಯುತ್ತ ಬಂದರು. ಇವತ್ತಿನ ವಿಜ್ಞಾನಿಗಳು ಆ ದಿನಚರಿಗಳನ್ನೆಲ್ಲ ಸೋಸಿ ಸಾವಿರದ ಇನ್ನೂರು ವರ್ಷಗಳ ಹವಾಮಾನದ ಲೆಕ್ಕ ತೆಗೆದಿದ್ದಾರೆ. 2021ರಲ್ಲಿ ಕ್ಯೋಟೋದ ಮರಗಳು ಮಾರ್ಚ್ 26ಕ್ಕೇ ತುಂಬಿ ನಿಂತು ಆವರೆಗಿನ ದಾಖಲೆಗಳನ್ನೆಲ್ಲ ಮುರಿದವು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಅದೊಂದು ಗಟ್ಟಿ ಸಾಕ್ಷಿ. ಒಳ್ಳೆಯದೇ. ಆದರೆ ಆ ದಿನಚರಿಗಳಲ್ಲಿ ಯಾವ ಕವಿ ಯಾವ ಮರದ ಕೆಳಗೆ ಕೂತ ಎಂಬುದು ಸಿಗುತ್ತದೆಯೇ ಹೊರತು ಆ ವರ್ಷ ಗದ್ದೆ ಉತ್ತವನ ಹೊಟ್ಟೆ ತುಂಬಿತೋ ಇಲ್ಲವೋ ಎಂಬುದನ್ನು ಬೇರೆ ಕಡೆ ಹುಡುಕಬೇಕು.

ಗದ್ದೆಯವನಿಗೂ ಸಕುರಾ ಗೊತ್ತಿತ್ತು. ಜಪಾನಿನ ಹಳ್ಳಿಗಳಲ್ಲಿ 'ತನೆಮಾಕಿ ಜಕುರಾ' ಎಂಬ ಮಾತಿದೆ, ಬಿತ್ತನೆಯ ಸಕುರಾ ಅಂತ. ಊರ ಹತ್ತಿರದ ಬೆಟ್ಟದಲ್ಲಿ ಇಂಥ ಮರ ಹೂ ಬಿಟ್ಟರೆ ಬತ್ತದ ಬೀಜ ಹಾಕುವ ಕಾಲ ಬಂತು ಎಂದರ್ಥ. 'ಸ' ಅಂದರೆ ಗದ್ದೆಯ ದೇವರು, 'ಕುರಾ' ಅಂದರೆ ಆ ದೇವರ ಪೀಠ, ಅದಕ್ಕೇ ಸಕುರಾ ಎಂದು ಕೆಲವು ಜಾನಪದ ವಿದ್ವಾಂಸರು ಹೆಸರನ್ನು ಬಿಡಿಸುತ್ತಾರೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಹೆಸರಿನ ಮೂಲ ಏನೇ ಇರಲಿ, ಒಕ್ಕಲಿನವನ ಸಕುರಾ ಕೆಲಸಕ್ಕೆ ಕರೆಯುವ ಹೂವು. ಆಸ್ಥಾನದ ಸಕುರಾ ಕೆಲಸವಿಲ್ಲದವನ ಹೂವು. ಒಬ್ಬನಿಗೆ ಹೂವು ಅರಳುವುದು ಮುಖ್ಯ, ಯಾಕಂದರೆ ಅಲ್ಲಿಂದ ವರ್ಷ ಶುರು. ಇನ್ನೊಬ್ಬನಿಗೆ ಉದುರುವುದು ಮುಖ್ಯ, ಯಾಕಂದರೆ ಅವನಿಗೆ ದುಃಖ ಪಡಲು ಬಿಡುವಿದೆ. ನಮ್ಮ ಕೈಗೆ ಬಂದಿರುವುದು ಎರಡನೆಯವನ ಹೂವು ಮಾತ್ರ.

ಮರ ನೆಟ್ಟವರ ಮಾತಿಗೆ ಬರೋಣ. ಹದಿನೈದನೆಯ ಶತಮಾನದ ಕ್ಯೋಟೋದಲ್ಲಿ ಕಾವಾರಮೋನೊ ಎಂದು ಕರೆಯುತ್ತಿದ್ದ ಜನ ಇದ್ದರು. ಹಾಗಂದರೆ ಹೊಳೆದಂಡೆಯವರು. ದಂಡೆಯ ಮೇಲೆ ಅವರ ವಾಸ. ಸತ್ತ ದನ ಸುಲಿಯುವುದು, ಚರ್ಮ ಹದ ಮಾಡುವುದು, ಬಾವಿ ತೋಡುವುದು ಅವರ ಪಾಲಿನ ಕೆಲಸ. ಮುಟ್ಟಿದರೆ ಮೈಲಿಗೆ. ಇದೇ ಜನ ಕಲ್ಲು ಹೊತ್ತು, ಮಣ್ಣು ಅಗೆದು, ಮರ ಕಿತ್ತು ನೆಟ್ಟು, ಶೋಗುನ್‌ರಿಗೂ ಮಠಗಳಿಗೂ ತೋಟ ಕಟ್ಟಿಕೊಟ್ಟರು. ಶೋಗುನ್ ಅಶಿಕಾಗಾ ಯೋಶಿಮಾಸಾನ ಮೆಚ್ಚಿನ ತೋಟಗಾರ ಜೆನ್‌ಅಮಿ ಇದೇ ಹೊಳೆದಂಡೆಯವನು. ಜಪಾನಿನ ಉದ್ಯಾನಕಲೆ ಅಂತ ಜಗತ್ತು ಇವತ್ತು ಕೈಮುಗಿಯುವುದರ ಬುಡದಲ್ಲಿ ಅವನಂಥವರ ಬೆರಳಿನ ಗುರುತಿದೆ. ಅವನ ಮೊಮ್ಮಗ ಮಾತಾಶಿರೋ ತಾನು ಹುಟ್ಟಿದ ಕುಲದ ಬಗ್ಗೆ ನೊಂದು ಆಡಿದ ಮಾತನ್ನು ಒಬ್ಬ ಭಿಕ್ಷು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಜ್ಜ ಶೋಗುನ್‌ನ ತೋಟ ಕಟ್ಟಿದರೂ ಮೊಮ್ಮಗನಿಗೆ ಹುಟ್ಟಿನ ನೋವು ತಪ್ಪಲಿಲ್ಲ. ತೋಟದ ಕಲ್ಲಿಗಿಲ್ಲದ ಮೈಲಿಗೆ ಅದನ್ನು ಹೊತ್ತ ಹೆಗಲಿಗೆ ಮಾತ್ರ ಯಾಕೆ ಅಂತ ಯಾವ ಹೂವಿನ ಕವಿಯೂ ಕೇಳಿದ ಹಾಗಿಲ್ಲ.

2

ಕವಿಗಳನ್ನೆಲ್ಲ ಒಂದೇ ಕಟ್ಟಿಗೆ ಕಟ್ಟಿ ಬಡಿಯುವುದು ನನ್ನ ಉದ್ದೇಶವಲ್ಲ. ಸಾಯ್ಗ್ಯೋ ಎಂಬ ಹನ್ನೆರಡನೆಯ ಶತಮಾನದ ಕವಿ ಹುಟ್ಟಿನಿಂದ ಸಮುರಾಯಿ. ಇಪ್ಪತ್ತರ ಹರೆಯದಲ್ಲೇ ಕತ್ತಿ ಬಿಟ್ಟು ಭಿಕ್ಷುವಾಗಿ ಊರೂರು ಅಲೆದ. ವಸಂತದಲ್ಲಿ ಹುಣ್ಣಿಮೆಯ ಹೊತ್ತಿಗೆ ಸಕುರಾದ ಕೆಳಗೆ ಸಾಯಬೇಕು ಎಂಬುದು ಅವನ ಪದ್ಯದ ಆಸೆ. 1190ರ ವಸಂತದಲ್ಲಿ, ಹೆಚ್ಚುಕಮ್ಮಿ ಅದೇ ತಿಥಿಗೆ ತೀರಿಕೊಂಡ. ಇದು ಒಬ್ಬ ಮನುಷ್ಯ ತನ್ನ ಸಾವಿನ ಬಗ್ಗೆ ತಾನೇ ಕಂಡ ಕನಸು. ಕೊಲ್ಲುವ ಕಸುಬು ಬಿಟ್ಟವನ ಕನಸು ಎಂಬುದನ್ನೂ ಸೇರಿಸಿಕೊಳ್ಳಿ. ಇದರ ಜೊತೆ ನನಗೆ ಜಗಳವಿಲ್ಲ. ಜಗಳ ಇರುವುದು, ಮತ್ತೊಬ್ಬನ ಸಾವಿಗೆ ಪ್ರಭುತ್ವ ಕಟ್ಟುವ ತೋರಣದ ಜೊತೆ. ಇವೆರಡರ ನಡುವಿನ ಗೆರೆಯನ್ನು ಅಳಿಸಿದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಟೊಯೊಟೊಮಿ ಹಿದೆಯೋಶಿಯನ್ನು ನೋಡಿ. ಬಡ ಮನೆಯಲ್ಲಿ ಹುಟ್ಟಿ ಇಡೀ ಜಪಾನನ್ನು ಆಳಿದವನು. ನಮ್ಮವನೊಬ್ಬ ಮೇಲೆ ಬಂದ ಎಂದು ಖುಷಿಪಡುವ ಹಾಗಿಲ್ಲ. 1588ರಲ್ಲಿ ರೈತರ ಮನೆಗಳಿಂದ ಕತ್ತಿ ಕಸಿದ. 1591ರಲ್ಲಿ ರೈತ ರೈತನಾಗಿಯೇ, ಸಿಪಾಯಿ ಸಿಪಾಯಿಯಾಗಿಯೇ ಇರಬೇಕೆಂದು ಕಟ್ಟು ಮಾಡಿದ. ತಾನು ಹತ್ತಿ ಬಂದ ಏಣಿಯನ್ನು ಒದ್ದವನು ಅವನು. 1594ರಲ್ಲಿ ಸುಮಾರು ಐದು ಸಾವಿರ ಜನರನ್ನು ಕರಕೊಂಡು ಯೋಶಿನೋ ಬೆಟ್ಟಕ್ಕೆ ಹೂವು ನೋಡಲು ಹೋದ. ಆ ಹೊತ್ತಿಗೆ ಅವನ ದಂಡು ಕೊರಿಯಾವನ್ನು ತುಳಿದು ಬಂದಿತ್ತು. 1597ರಲ್ಲಿ ಮತ್ತೆ ದಂಡೆತ್ತಿ ಹೋದಾಗ ಅಲ್ಲಿ ಕೊಂದವರ ಮೂಗುಗಳನ್ನು ಕೊಯ್ದು ಉಪ್ಪು ಹಾಕಿ ತಂದು ಕ್ಯೋಟೋದಲ್ಲಿ ಹೂತರು. ಆ ದಿಬ್ಬ ಇವತ್ತೂ ಇದೆ. ಅದರ ಮರುವರ್ಷ, 1598ರ ವಸಂತದಲ್ಲಿ ಅದೇ ಕ್ಯೋಟೋದ ದಾಯ್ಗೋ ಮಠದಲ್ಲಿ ನೂರಾರು ಮರ ತಂದು ನೆಡಿಸಿ ಅವನು ನಡೆಸಿದ ಹೂವಿನ ಔತಣ ಜಗತ್ಪ್ರಸಿದ್ಧ. ಕಲಾಚರಿತ್ರೆಯ ಪುಸ್ತಕ ಔತಣದ ಬಗ್ಗೆ ಬರೆಯುತ್ತದೆ. ದಿಬ್ಬದ ಬಗ್ಗೆ ಯುದ್ಧಚರಿತ್ರೆಯ ಪುಸ್ತಕ ಬರೆಯುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ಇಡುವುದು ನಮ್ಮಂಥವರ ಕೆಲಸ.

ಸಾಮಾನ್ಯರಿಗೆ ಹೂವಿನ ಕೆಳಗೆ ಜಾಗ ಸಿಕ್ಕಿದ್ದು ಹದಿನೆಂಟನೆಯ ಶತಮಾನದಲ್ಲಿ. ಎಂಟನೆಯ ಶೋಗುನ್ ತೊಕುಗಾವಾ ಯೋಶಿಮುನೆ 1720ರ ಸುಮಾರಿಗೆ ಎದೋ ಪಟ್ಟಣದ ಅಂಚಿನ ಅಸುಕಾಯಾಮಾ ಗುಡ್ಡದಲ್ಲಿ ಸಾವಿರಕ್ಕೂ ಮಿಗಿಲು ಸಕುರಾ ನೆಡಿಸಿ ಜನಕ್ಕೆ ಬಿಟ್ಟುಕೊಟ್ಟ. ಕುಡಿದರು, ಕುಣಿದರು, ವೇಷ ಹಾಕಿದರು. ಅದು ಒಳ್ಳೆಯ ಹಬ್ಬವೇ. ಆಸ್ಥಾನದ ಗಂಟುಮೋರೆಯನ್ನು ಒರೆಸಿಹಾಕಿದ ಹಬ್ಬ. ಆದರೆ ಇದೇ ಯೋಶಿಮುನೆಯ ಸುಧಾರಣೆಗಳಲ್ಲಿ ಶೋಗುನ್ ಸೀಮೆಯ ರೈತನ ಕಂದಾಯ ಹತ್ತರಲ್ಲಿ ನಾಲ್ಕು ಪಾಲಿನಿಂದ ಐದು ಪಾಲಿಗೆ ಏರಿತು. ಪಟ್ಟಣದವನಿಗೆ ಹೂವು, ಹಳ್ಳಿಯವನಿಗೆ ಕಂದಾಯ.

ಆ ಹಳ್ಳಿಯವನೂ ತನ್ನದೊಂದು ಸಕುರಾ ಕಟ್ಟಿಕೊಂಡ. ಸಕುರಾ ಸೀಮೆ ಎಂಬ ಊರಿನ ಮುಖಂಡ ಸೊಗೊರೊ ಹದಿನೇಳನೆಯ ಶತಮಾನದಲ್ಲಿ ಕಂದಾಯದ ಹೊರೆ ತಾಳಲಾರದೆ ನೇರ ಶೋಗುನ್‌ಗೇ ಅರ್ಜಿ ಕೊಟ್ಟನಂತೆ. ಹಾಗೆ ಮೇಲಿನವನನ್ನು ದಾಟಿ ದೂರು ಕೊಡುವುದೇ ಅಪರಾಧ. ಅವನನ್ನೂ ಹೆಂಡತಿಯನ್ನೂ ಶಿಲುಬೆಗೇರಿಸಿ ಮಕ್ಕಳನ್ನು ಕೊಂದರು ಎಂದು ಕತೆ. ದಾಖಲೆಗಳು ಕಡಿಮೆ, ಕತೆ ಮಾತ್ರ ರೈತರ ಬಾಯಲ್ಲಿ ಬೆಳೆಯಿತು. ಈ ಊರಿನ ಸಕುರಾವನ್ನು ಬರೆಯುವ ಅಕ್ಷರ ಬೇರೆ, ಹೂವಿನ ಅಕ್ಷರ ಬೇರೆ. ಕಿವಿಗೆ ಎರಡೂ ಒಂದೇ. 1851ರಲ್ಲಿ ಈ ಕತೆ ಎದೋದ ಕಬುಕಿ ರಂಗಕ್ಕೆ ಬಂತು. ಸರ್ಕಾರದ ಕಣ್ಣು ತಪ್ಪಿಸಲು ಕಾಲವನ್ನು ಹಿಂದಕ್ಕೆ ಒಯ್ದರು, ನಾಟಕದ ಹೆಸರಲ್ಲಿ ಹೂವಿನ ಸಕುರಾದ ಅಕ್ಷರವನ್ನೇ ಇಟ್ಟರು. ನೋಡಿ ಜನರ ಜಾಣ್ಮೆ! ಹೂವಿನ ಹೆಸರಿನೊಳಗೆ ಶಿಲುಬೆಗೇರಿದ ರೈತನನ್ನು ಬಚ್ಚಿಟ್ಟು ರಂಗದ ಮೇಲೆ ತಂದರು. ಸೌಂದರ್ಯಮೀಮಾಂಸೆಯ ಪುಸ್ತಕಗಳಲ್ಲಿ ಈ ಸಕುರಾಕ್ಕೆ ಜಾಗವಿಲ್ಲ.

3

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇವತ್ತು ಜಪಾನಿನಲ್ಲಿ ನಾವು ಚಿತ್ರಗಳಲ್ಲಿ ನೋಡುವ ಸಕುರಾ ಬಹುಪಾಲು ಒಂದೇ ತಳಿ. ಸೊಮೆಯ್ ಯೋಶಿನೋ ಅಂತ ಹೆಸರು. ಎದೋ ಕಾಲದ ಕೊನೆಗೆ, ಈಗ ಟೋಕಿಯೋದೊಳಗೆ ಸೇರಿಹೋಗಿರುವ ಸೊಮೆಯ್ ಎಂಬ ತೋಟಗಾರರ ಹಳ್ಳಿಯಿಂದ ಹರಡಿದ ಮರ. ಎಲೆ ಬರುವ ಮೊದಲೇ ಮೈತುಂಬ ಹೂವು. ಈ ಮರ ತನ್ನ ಬೀಜದಿಂದ ತನ್ನಂಥದ್ದನ್ನು ಹುಟ್ಟಿಸಲಾರದು. ಕಸಿ ಮಾಡಿಯೇ ಬೆಳೆಸಬೇಕು. ಹಾಗಾಗಿ ದೇಶದ ತುಂಬ ಇರುವ ಸೊಮೆಯ್ ಯೋಶಿನೋ ಮರಗಳೆಲ್ಲ ಒಂದೇ ಮರದ ನಕಲುಗಳು. ಅದಕ್ಕೇ ಒಂದು ಊರಿನಲ್ಲಿ ಎಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಕಾಡಿನ ಬೆಟ್ಟಸಕುರಾ ಹಾಗಲ್ಲ. ಒಂದೊಂದು ಮರಕ್ಕೂ ಒಂದೊಂದು ಬಣ್ಣ, ಒಂದೊಂದು ದಿನ.

ಒಟ್ಟಿಗೆ ಅರಳಿ ಒಟ್ಟಿಗೆ ಉದುರುವ ಮರ. ಯಾವ ಪ್ರಭುತ್ವಕ್ಕೆ ತಾನೇ ಇದು ಇಷ್ಟವಾಗದು? 1868ರ ನಂತರದ ಮೇಯ್ಜಿ ಸರ್ಕಾರಕ್ಕೆ ಬೇಕಾಗಿದ್ದದ್ದು ಇಂಥ ಪ್ರಜೆಗಳೇ. ಶಾಲೆಗಳಲ್ಲಿ, ಹೊಳೆದಂಡೆಗಳಲ್ಲಿ, ಸೇನೆಯ ಜಾಗಗಳಲ್ಲಿ, ಖಾಲಿಯಾದ ಕೋಟೆಗಳಲ್ಲಿ ಈ ಮರ ಸಾಲುಸಾಲಾಗಿ ಬಂತು. ಇಲ್ಲೊಂದು ತಮಾಷೆ ಇದೆ. ಉತ್ತರದ ಹಿರೋಸಾಕಿ ಕೋಟೆಯಲ್ಲಿ 1880ರ ದಶಕದಲ್ಲಿ ಸಕುರಾ ನೆಟ್ಟಾಗ ಹಳೆಯ ಸಮುರಾಯಿಗಳು ಸಿಟ್ಟಿಗೆದ್ದು ಸಸಿಗಳನ್ನು ಕಿತ್ತೆಸೆದರು. ಧಣಿಯ ಕೋಟೆಯನ್ನು ಮೋಜಿನ ತಾಣ ಮಾಡುತ್ತೀರಾ ಎಂಬುದು ಅವರ ತಕರಾರು. ಹೂಗಳಲ್ಲಿ ಸಕುರಾ ಹೇಗೋ ಮನುಷ್ಯರಲ್ಲಿ ಸಮುರಾಯಿ ಹಾಗೆ ಎಂಬ ಗಾದೆಯನ್ನು ನಾವು ಕೇಳಿದ್ದೇವೆ. ನಿತೊಬೆ ಇನಾಜೊ 1900ರಲ್ಲಿ ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಹಂಚಿದ 'ಬುಶಿದೊ' ಪುಸ್ತಕದ ಮೊದಲ ವಾಕ್ಯದಲ್ಲೇ ಸಕುರಾ ಇದೆ. ಆ ಪುಸ್ತಕ ಬರುವ ಇಪ್ಪತ್ತು ವರ್ಷದ ಹಿಂದೆ ನಿಜವಾದ ಸಮುರಾಯಿಗಳು ಆ ಗಿಡವನ್ನೇ ಕೀಳುತ್ತಿದ್ದರು!

1873ರಲ್ಲಿ ಕಡ್ಡಾಯ ಸೇನಾಸೇವೆ ಬಂತು. ಅದುವರೆಗೆ ಕತ್ತಿ ಮುಟ್ಟಿದರೆ ಶಿಕ್ಷೆ ಎನ್ನುತ್ತಿದ್ದ ರೈತನ ಮಗನನ್ನು ಎಳೆದು ತಂದು ಇನ್ನು ಮುಂದೆ ನೀನೇ ಸಮುರಾಯಿ, ಸಕುರಾದ ಹಾಗೆ ಉದುರು ಎಂದರು. ಸಮುರಾಯಿಯ ಭೂಮಿ ಕೊಡಲಿಲ್ಲ, ಸಂಬಳ ಕೊಡಲಿಲ್ಲ, ಅವನ ಸಾವನ್ನು ಮಾತ್ರ ಹಂಚಿದರು. ಹಳ್ಳಿಗಳು ದಂಗೆ ಎದ್ದವು. ಆ ದಂಗೆಗಳನ್ನು ಹೊಗಳುವ ಮುನ್ನ ಇನ್ನೊಂದನ್ನೂ ಹೇಳಬೇಕು. 1871ರ ಆಜ್ಞೆ ಹೊಲೆಗೇರಿಗಳಂಥ ಕೇರಿಗಳಲ್ಲಿದ್ದ ಎತಾ, ಹಿನಿನ್ ಜನರಿಗೆ ಕಾಗದದ ಮೇಲೆ ಸಮಾನತೆ ಕೊಟ್ಟಿತ್ತು. ಪಶ್ಚಿಮದ ಮಿಮಾಸಾಕಾ ಸೀಮೆಯಲ್ಲಿ 1873ರಲ್ಲಿ ದಂಗೆ ಎದ್ದ ರೈತರು ಅದೇ ಸಿಟ್ಟಿನಲ್ಲಿ ಆ ಕೇರಿಗಳಿಗೆ ಬೆಂಕಿ ಇಟ್ಟು ಜನರನ್ನು ಕೊಂದರು. ತುಳಿಸಿಕೊಂಡವನು ತನಗಿಂತ ಕೆಳಗಿನವನನ್ನು ತುಳಿಯುವುದು ನಮಗೆ ಹೊಸ ಸುದ್ದಿಯಲ್ಲ.

1869ರಲ್ಲಿ ಟೋಕಿಯೋದಲ್ಲಿ ಯುದ್ಧದಲ್ಲಿ ಸತ್ತವರಿಗಾಗಿ ಒಂದು ಗುಡಿ ಕಟ್ಟಿದರು. ಮುಂದೆ ಅದಕ್ಕೆ ಯಾಸುಕುನಿ ಎಂದು ಹೆಸರಾಯಿತು. ಅಲ್ಲಿ ಸಕುರಾ ನೆಟ್ಟರು. ಸತ್ತ ಸಿಪಾಯಿ ಅಲ್ಲಿ ಹೂವಾಗಿ ಮರಳುತ್ತಾನೆ ಎಂಬ ನಂಬಿಕೆ ಬೆಳೆಸಿದರು. ಸೇನೆಯ, ನೌಕಾಪಡೆಯ ಲಾಂಛನಗಳಿಗೆ ಸಕುರಾ ಏರಿತು. 1933ರಲ್ಲಿ ಬಂದ ಒಂದನೆಯ ತರಗತಿಯ ಸರ್ಕಾರಿ ಪಠ್ಯದ ಮೊದಲ ಪಾಠವೇ ಸಕುರಾ ಅರಳಿದ ಸಂಗತಿ. ಕೆಲವೇ ಪುಟ ಮುಂದೆ ಸಿಪಾಯಿಗಳಿಗೆ ಮುನ್ನಡೆಯಲು ಕರೆ. ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಆರು ವರ್ಷದ ಕೂಸಿಗೆ ಅಕ್ಷರ ಕಲಿಸುವಾಗಲೇ ಹೂವಿಗೂ ಬಂದೂಕಿಗೂ ಗಂಟು ಹಾಕಿದರು. ಅಂದು ಆ ಪಾಠ ಓದಿದ ಮಗು 1945ರಲ್ಲಿ ಹದಿನೆಂಟರ ಹುಡುಗ.

4

ಆ ಹುಡುಗರ ಗತಿ ಏನಾಯಿತು? 1943ರಲ್ಲಿ ಕಾಲೇಜು ಹುಡುಗರಿಗಿದ್ದ ಸೇನಾ ವಿನಾಯಿತಿಯನ್ನು ತೆಗೆದರು. ವಿಜ್ಞಾನ, ತಂತ್ರಜ್ಞಾನ ಓದುವವರನ್ನು ಉಳಿಸಿಕೊಂಡು ಸಾಹಿತ್ಯ, ಕಾನೂನು, ಅರ್ಥಶಾಸ್ತ್ರ ಓದುವವರನ್ನು ಕಳಿಸಿದರು. ಅಕ್ಟೋಬರ್ 21ರಂದು ಟೋಕಿಯೋದ ಮೈದಾನದಲ್ಲಿ ಸುರಿಯುವ ಮಳೆಯಲ್ಲಿ ಅವರ ಬೀಳ್ಕೊಡುಗೆಯ ಕವಾಯತು ನಡೆಯಿತು. 1944ರ ಅಕ್ಟೋಬರ್‌ನಲ್ಲಿ ವಿಮಾನಸಮೇತ ಹಡಗಿಗೆ ಢಿಕ್ಕಿ ಹೊಡೆದು ಸಾಯುವ ಪಡೆಗಳು ಶುರುವಾದವು. ಮೊದಲ ನಾಲ್ಕು ತುಕಡಿಗಳಿಗೆ ಶಿಕಿಶಿಮಾ, ಯಾಮಾತೊ, ಅಸಾಹಿ, ಯಾಮಾಜಕುರಾ ಎಂದು ಹೆಸರಿಟ್ಟರು. ಇವು ಹದಿನೆಂಟನೆಯ ಶತಮಾನದ ವಿದ್ವಾಂಸ ಮೊತೊಓರಿ ನೊರಿನಾಗಾನ ಒಂದು ಪದ್ಯದಿಂದ ಕಿತ್ತ ಪದಗಳು.

ವಿಮರ್ಶೆ ಬರೆಯುವ ನಾವು ಇಲ್ಲಿ ಪದ್ಯವನ್ನು ಸರಿಯಾಗಿ ಓದಬೇಕು. ವಸ್ತುಗಳ ನಶ್ವರತೆ ಮನಸ್ಸನ್ನು ಮಿಡಿಯುವುದಕ್ಕೆ 'ಮೊನೊ ನೊ ಅವಾರೆ' ಎಂಬ ಹಳೆಯ ಮಾತನ್ನು ಎತ್ತಿ ನಿಲ್ಲಿಸಿದವನು ನೊರಿನಾಗಾ. ಆದರೆ ಆ ಪದ್ಯದಲ್ಲಿ ಸಾವಿಲ್ಲ, ಉದುರುವುದೂ ಇಲ್ಲ. ಬೆಳಗಿನ ಬಿಸಿಲಿಗೆ ಹೊಳೆಯುವ ಬೆಟ್ಟಸಕುರಾವನ್ನು ತೋರಿಸಿ, ಜಪಾನಿನ ಮನಸ್ಸು ಇದು ಎಂದು ಅವನು ಹೇಳುತ್ತಾನೆ. ಅಷ್ಟೇ. ಅದರಲ್ಲೂ ಜಂಬ ಇದೆ, ಇರಲಿ. ಅರಳಿದ ಹೂವನ್ನು ಉದುರಿದ ಹೆಣವನ್ನಾಗಿ ಓದಿಸಿದ್ದು ಸೇನಾಪತಿಗಳು. ಪದ್ಯ ಕೊಲ್ಲಲಿಲ್ಲ, ಪದ್ಯದ ತಪ್ಪು ಓದು ಕೊಂದಿತು. ವಿಮರ್ಶೆ ಅಂದರೆ ಪ್ರೊಫೆಸರುಗಳ ಹೊತ್ತುಗಳೆವ ಕೆಲಸ ಎಂದು ಮೂಗು ಮುರಿಯುವ ಕಾರ್ಯಕರ್ತ ಗೆಳೆಯರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಒಂದು ಅಸ್ತ್ರಕ್ಕೇ ಓಕಾ, ಅಂದರೆ ಸಕುರಾ ಹೂವು ಎಂದು ಹೆಸರಿಟ್ಟರು. ತಲೆಯಲ್ಲಿ ಸಾವಿರದ ಇನ್ನೂರು ಕಿಲೋ ಸಿಡಿಮದ್ದು, ಬಾಲದಲ್ಲಿ ರಾಕೆಟ್ಟು, ನಡುವೆ ಒಬ್ಬ ಹುಡುಗ. ಇಳಿಯಲು ಚಕ್ರವೇ ಇಲ್ಲ. 1945ರ ಮಾರ್ಚ್ 21ರಂದು ಮೊದಲ ಸಲ ಹೊರಟಾಗ ಅವನ್ನು ಹೊತ್ತ ತಾಯಿ ವಿಮಾನಗಳೆಲ್ಲ ಗುರಿ ಮುಟ್ಟುವ ಮೊದಲೇ ಉರುಳಿದವು. ದಕ್ಷಿಣದ ಚಿರಾನ್ ನೆಲೆಯಲ್ಲಿ ಹೈಸ್ಕೂಲು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಸಕುರಾ ಕೊಂಬೆ ಬೀಸಿಸಿದರು. ಆ ಚಿತ್ರ ಇವತ್ತೂ ಸಿಗುತ್ತದೆ. ಹೀಗೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ನೌಕಾಪಡೆಯ ಕಡೆಯಿಂದ ಸತ್ತ ಅಧಿಕಾರಿಗಳಲ್ಲಿ ಬಹುಪಾಲು ಕಾಲೇಜಿನಿಂದ ಬಂದ ಹುಡುಗರು, ಅಧಿಕಾರಿಗಳ ಕೆಳಗೆ ಹದಿಹರೆಯದ ಸಾಮಾನ್ಯ ಮನೆಗಳ ಹುಡುಗರು. ಕಸುಬಿನ ಸೇನಾಧಿಕಾರಿಗಳು ಕಡಿಮೆ. ಗುಲಾಮ ದೇಶವಾಗಿದ್ದ ಕೊರಿಯಾದ ಹುಡುಗರೂ ಅವರಲ್ಲಿದ್ದರು. ಅದೇ ಕೊರಿಯಾದ ಚಾಂಗ್‌ಗ್ಯೊಂಗ್ ಅರಮನೆಯನ್ನು ಜಪಾನೀಯರು ಮೃಗಾಲಯ ಮಾಡಿ ಸಕುರಾ ನೆಟ್ಟಿದ್ದರು. ಕೊರಿಯನ್ನರು 1980ರ ದಶಕದಲ್ಲಿ ಆ ಮರಗಳನ್ನು ಅಲ್ಲಿಂದ ತೆಗೆದರು. ಮರದ ಮೇಲೆ ಅವರಿಗೇನು ದ್ವೇಷ? ಅದು ಅರಮನೆಯ ಎದೆಗೆ ಹೊಡೆದ ಗೂಟವಾಗಿತ್ತು.

ಈ ಹುಡುಗರು ಮತಿಗೆಟ್ಟವರೆಂದು ಅಮೆರಿಕನ್ನರು ತಿಳಿದರು. ದೇವರೆಂದು ಯಾಸುಕುನಿ ತಿಳಿಸಿತು. ಎರಡೂ ಸುಳ್ಳು. ಮಾನವಶಾಸ್ತ್ರಜ್ಞೆ ಎಮಿಕೊ ಓನುಕಿ ಟಿಯರ್ನಿ ಅವರ ದಿನಚರಿಗಳನ್ನು ಓದಿ 2002ರಲ್ಲಿ, 2006ರಲ್ಲಿ ಎರಡು ಪುಸ್ತಕ ಬರೆದರು. ಆ ಹುಡುಗರು ಜರ್ಮನ್ ತತ್ವಜ್ಞಾನ, ಫ್ರೆಂಚ್ ಕಾದಂಬರಿ, ಮಾರ್ಕ್ಸ್‌ವಾದ ಎಲ್ಲ ಓದಿದ್ದರು. ಚಕ್ರವರ್ತಿಗಾಗಿ ಸಾಯುವುದನ್ನು ಮನಸಾರೆ ನಂಬದವರು ಅವರಲ್ಲಿ ಎಷ್ಟೋ ಜನ. ಕೆಯೊ ವಿಶ್ವವಿದ್ಯಾಲಯದ ಉಎಹಾರಾ ರ್ಯೋಜಿ ತಾನು ಸ್ವಾತಂತ್ರ್ಯವಾದಿ, ಸರ್ವಾಧಿಕಾರದ ದೇಶಗಳು ಕೊನೆಗೆ ಸೋಲುತ್ತವೆ ಎಂದು ಬರೆದಿಟ್ಟು 1945ರ ಮೇ 11ರಂದು ಹಾರಿಹೋದ. ಅವನಿಗೆ 22 ವರ್ಷ. ಗೊತ್ತಿದ್ದೂ ಯಾಕೆ ಹೋದರು? ಸೇನೆಯ ಹಿಡಿತ, ಮನೆಯವರ ಮೇಲಿನ ಭಯ, ಸಂಗಡಿಗರ ಋಣ, ಎಲ್ಲ ಇತ್ತು. ಅದರ ಜೊತೆ ಓನುಕಿ ಟಿಯರ್ನಿ ಇನ್ನೊಂದನ್ನು ಹೇಳುತ್ತಾರೆ. ಹೂವು ಒಂದೇ, ಅದನ್ನು ನೋಡುವ ಒಬ್ಬೊಬ್ಬನ ಮನಸ್ಸಿನಲ್ಲೂ ಅರ್ಥ ಬೇರೆ. ಹುಡುಗ ತನ್ನ ಪ್ರಾಯ, ಪ್ರೇಮ, ಅಮ್ಮನ ಊರು ಎಂದುಕೊಂಡ. ಸರ್ಕಾರ ಸಾವು ಎಂದುಕೊಂಡಿತು. ಇಬ್ಬರೂ ಒಂದೇ ಹೂವಿನತ್ತ ಬೆರಳು ಮಾಡಿದ್ದರಿಂದ ಭಿನ್ನಮತವೇ ಕಾಣಲಿಲ್ಲ. ಚೆಲುವಿನ ಸಂಕೇತ ಪ್ರಭುತ್ವಕ್ಕೆ ಒದಗುವುದು ಹೀಗೆ. ಆಜ್ಞೆಯಾಗಿ ಬಂದಿದ್ದರೆ ಒಬ್ಬಿಬ್ಬರಾದರೂ ಎದುರು ನಿಲ್ಲುತ್ತಿದ್ದರು. ಅದು ಪದ್ಯವಾಗಿ ಬಂತು.

5

ಜಪಾನಿನಲ್ಲೇ ಇದನ್ನು ಮೂಸಿ ಕಂಡುಹಿಡಿದ ಲೇಖಕರಿದ್ದರು. ಕಾಜಿಇ ಮೊತೊಜಿರೊ 1928ರಲ್ಲಿ ಬರೆದ ಪುಟ್ಟ ಗದ್ಯದಲ್ಲಿ ಸಕುರಾ ಮರದ ಬುಡದಲ್ಲಿ ಹೆಣಗಳಿವೆ, ಬೇರುಗಳು ಅದನ್ನೇ ಹೀರುತ್ತಿವೆ ಎಂದು ಕಲ್ಪಿಸಿದ. ಯುದ್ಧ ಮುಗಿದ ಮೇಲೆ, 1947ರಲ್ಲಿ ಸಾಕಾಗುಚಿ ಅಂಗೊ ಒಂದು ಕತೆ ಬರೆದ. ಅದರಲ್ಲಿ ಒಬ್ಬ ಕಾಡಿನ ದರೋಡೆಕೋರ. ಯಾರಿಗೂ ಹೆದರದವನು ತುಂಬಿ ಅರಳಿದ ಸಕುರಾ ಕಾಡಿಗೆ ಮಾತ್ರ ಹೆದರುತ್ತಾನೆ. ಊರೇ ಸುಟ್ಟು ಬೂದಿಯಾದ ಮೇಲೆ ಬಂದ ಆ ಕತೆಯಲ್ಲಿ ಹೂವು ಭಯದ ವಸ್ತು. ಸಾವಿರ ವರ್ಷದ ನಿಟ್ಟುಸಿರನ್ನು ಒಂದು ಕತೆ ಬೆಚ್ಚಿಬೀಳಿಸಿತು.

ಇದಕ್ಕೂ ಮೊದಲೇ ಹೂವಿಲ್ಲದ ಕಡೆಯಿಂದ ಒಂದು ದನಿ ಎದ್ದಿತ್ತು. ಶಿಮಾಜಾಕಿ ತೋಸೊನ್ 1906ರಲ್ಲಿ 'ಹಕಾಯ್' ಕಾದಂಬರಿ ಬರೆದ. ನಾಯಕ ಉಶಿಮಾತ್ಸು ಹಳ್ಳಿ ಕಡೆಯ ಶಾಲಾ ಮಾಸ್ತರ, ಎತಾ ಕುಲದವನು. ಎಂದೂ ಜಾತಿ ಹೇಳಬೇಡ ಎಂಬುದು ಅಪ್ಪನ ಕಟ್ಟಪ್ಪಣೆ. ಕೊನೆಗೆ ತನ್ನ ತರಗತಿಯ ಮಕ್ಕಳ ಮುಂದೆ ಮಂಡಿಯೂರಿ, ಇಷ್ಟು ದಿನ ಮುಚ್ಚಿಟ್ಟೆ ಎಂದು ಕ್ಷಮೆ ಕೇಳಿ ಊರು ಬಿಡುತ್ತಾನೆ. ಅಲ್ಲಿ ಬೀಳುತ್ತಿರುವುದು ಹೂವಲ್ಲ, ಹಿಮ. ಆ ಪುಟ ಓದಿ ಎದೆ ಕಲಕದವನು ಯಾರೂ ಇರಲಾರ. ಆದರೂ ಕೇಳಲೇಬೇಕು: ಅವನು ಯಾಕೆ ಕ್ಷಮೆ ಕೇಳಬೇಕಿತ್ತು?

ಈ ಪ್ರಶ್ನೆಗೆ ಉತ್ತರ 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಸಿಕ್ಕಿತು. ಬುರಾಕು ಜನ ಅಂದು ಸುಯ್ಹೇಯ್‌ಶಾ ಕಟ್ಟಿದರು. ಸಮತಟ್ಟು ಮಾಡುವವರ ಸಂಘ ಅಂತ ಹೆಸರು. ಘೋಷಣೆ ಬರೆದವನು ಸಾಯ್ಕೊ ಮಾನ್‌ಕಿಚಿ, ಇನ್ನೂ ಇಪ್ಪತ್ತರ ಪ್ರಾಯದವನು. ಕೀಳೆಂದು ಕರೆದ ಹೆಸರನ್ನೇ ಎದೆಯುಬ್ಬಿಸಿ ಹೇಳುವ ಘೋಷಣೆ ಅದು. ಅವನ ಊರು ನಾರಾ ಸೀಮೆಯಲ್ಲಿದೆ. ಹಿದೆಯೋಶಿ ಹೂವು ನೋಡಲು ಹೋದ ಯೋಶಿನೋ ಬೆಟ್ಟವೂ ಅದೇ ಸೀಮೆ. ದೇಶದ ಅತಿ ದೊಡ್ಡ ಹೂವಿನ ಬೆಟ್ಟ ಅಷ್ಟು ಹತ್ತಿರ ಇದ್ದರೂ ಅವನು ತನ್ನ ಜನರ ಬಾವುಟಕ್ಕೆ ಹೂವು ಆರಿಸಲಿಲ್ಲ. ಕಪ್ಪು ಬಟ್ಟೆಯ ಮೇಲೆ ಕೆಂಪು ಮುಳ್ಳಿನ ಕಿರೀಟ ಬರೆದ. ನಾನು ಓದಿದ ಜಪಾನಿನ ಸಂಕೇತಗಳಲ್ಲಿ ಇದರಷ್ಟು ಪ್ರಾಮಾಣಿಕವಾದ್ದು ಇನ್ನೊಂದಿಲ್ಲ.

ಹಂಗಂತ ಮುಳ್ಳು ಪವಿತ್ರ, ಹೂವು ಪಾಪಿ ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. 1928ರಲ್ಲಿ ಜೈಲಿಗೆ ಹೋದ ಸಾಯ್ಕೊ ಅಲ್ಲಿ ಮನಸ್ಸು ಬದಲಿಸಿದ. ಹೊರಬಂದು ಚಕ್ರವರ್ತಿಯ ರಾಷ್ಟ್ರವಾದದ ಕಡೆ ವಾಲಿದ. ಯುದ್ಧದ ನಂತರ ಶಾಂತಿವಾದಿಯಾಗಿ ಬಾಳಿ 1970ರಲ್ಲಿ ತೀರಿಕೊಂಡ. ಮುಳ್ಳಿನ ಕಿರೀಟ ಬರೆದ ಕೈಯನ್ನೂ ಪ್ರಭುತ್ವ ಹಿಡಿದುಕೊಳ್ಳಬಲ್ಲದು. ಇದನ್ನು ಮುಚ್ಚಿಟ್ಟು ಅವನನ್ನು ಗುಡಿಯಲ್ಲಿ ಕೂರಿಸಿದರೆ ನಾವೂ ಇನ್ನೊಂದು ಯಾಸುಕುನಿ ಕಟ್ಟಿದಂತೆ.

ಇವತ್ತಿನ ಜಪಾನಿನಲ್ಲಿ ಶಾಲೆಯ ವರ್ಷ, ಕಂಪನಿಯ ವರ್ಷ ಎರಡೂ ಏಪ್ರಿಲ್‌ನಲ್ಲಿ ಶುರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನನ್ನು ಬೆಳಗ್ಗೆಯೇ ಉದ್ಯಾನಕ್ಕೆ ಕಳಿಸಿ, ಮರದ ಕೆಳಗೆ ನೀಲಿ ಹಾಸು ಹಾಸಿ, ಸಂಜೆ ದೊಡ್ಡ ಸಾಹೇಬರು ಬರುವ ತನಕ ಜಾಗ ಕಾಯಿಸುವ ರೂಢಿ ಬಹಳ ಕಾಲ ನಡೆದು ಬಂತು. ಅಷ್ಟು ಕೀಳು ಕೆಲಸಕ್ಕೂ ಎಲ್ಲರಿಗೆ ಪ್ರವೇಶ ಇರಲಿಲ್ಲ. 1975ರಲ್ಲಿ ಒಂದು ಗುಟ್ಟು ಬಯಲಾಯಿತು. ಬುರಾಕು ಕೇರಿಗಳ ಹೆಸರು, ವಿಳಾಸಗಳನ್ನೆಲ್ಲ ಪಟ್ಟಿ ಮಾಡಿದ ಪುಸ್ತಕಗಳನ್ನು ಇನ್ನೂರಕ್ಕೂ ಹೆಚ್ಚು ಕಂಪನಿಗಳು ದುಡ್ಡು ಕೊಟ್ಟು ಕೊಂಡಿದ್ದವು. ಅರ್ಜಿ ಹಾಕಿದ ಹುಡುಗ ಯಾವ ಕೇರಿಯವನೆಂದು ನೋಡಿ ಹೊರಗಿಡುವುದಕ್ಕೆ. ಬುರಾಕು ಚಳವಳಿ ಅದರ ವಿರುದ್ಧ ಬೀದಿಗಿಳಿಯಿತು. ಅದೇ ಚಳವಳಿಯ ಮುಂದಾಳುತನದಲ್ಲಿ 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿನ ಆಧಾರದ ಮೇಲಿನ ತಾರತಮ್ಯವನ್ನು ವಿಶ್ವಸಂಸ್ಥೆಯ ಮುಂದೆ ಎತ್ತುವಾಗ ನಮ್ಮ ದಲಿತರ ಪ್ರಶ್ನೆಯನ್ನೂ ಜೊತೆಗೆ ಎತ್ತಿತು. ನಮಗೂ ಜಪಾನಿಗೂ ಇರುವ ನಿಜವಾದ ನಂಟು ಇದು, ಟಬೂಬಿಯಾ ಅಲ್ಲ.

6

ಹಂಗಾದರೆ ಹೂವಿನ ಮೇಲೆ ಬರೆಯಲೇಬಾರದೇ? ಹೂವು, ಚಂದ್ರ, ಮಳೆ ಎಲ್ಲ ಹೊಟ್ಟೆ ತುಂಬಿದವರ ವಸ್ತು ಎಂದು ಹೇಳುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಬಿತ್ತನೆಯ ಸಕುರಾ ಕಂಡವನು ಒಕ್ಕಲು. ತೋಟ ಕಟ್ಟಿದವನು ಹೊಳೆದಂಡೆಯವನು. ಹೂವನ್ನು ಮೇಲಿನವರಿಗೆ ಬಿಟ್ಟುಕೊಟ್ಟರೆ ಜೆನ್‌ಅಮಿಯನ್ನು ಎರಡನೆಯ ಸಲ ಹೊರಗೆ ಹಾಕಿದಂತೆ.

ಬರೆಯೋಣ. ಬರೆಯುವಾಗ ಕಸಿಯ ಮರವನ್ನು ನೆನಪಿಡೋಣ. ಒಂದೇ ಕೊಂಬೆಯಿಂದ ಲಕ್ಷ ಮರ ಮಾಡಿದರೆ ನೋಟ ಭರ್ಜರಿ, ಆದರೆ ಒಂದಕ್ಕೆ ತಗುಲಿದ ರೋಗ ಎಲ್ಲದಕ್ಕೂ ತಗುಲುತ್ತದೆ. ನಮ್ಮ ಕವಿತೆಗಳಲ್ಲಿ ಕೆಂಡ, ಕತ್ತಿ, ನೆತ್ತರು ಹೀಗೇ ಕಸಿಯಾಗಿ ಸಾಲುಗಟ್ಟಿ ನಿಂತಿಲ್ಲವೇ? ಎಲ್ಲ ಪದ್ಯಗಳೂ ಒಂದೇ ದಿನ ಅರಳಿ ಒಂದೇ ದಿನ ಉದುರುತ್ತಿಲ್ಲವೇ? ಹೋರಾಟದಲ್ಲಿ ಸತ್ತವರನ್ನು ಕುರಿತು ಬರೆಯುವಾಗ ನಾವೂ ಸಾವನ್ನೇ ಚಂದ ಮಾಡುತ್ತೇವೆ. ಸತ್ತವನ ಅವ್ವನಿಗೆ ಅವನು ಹೂವಲ್ಲ, ಬೀಜವೂ ಅಲ್ಲ, ಮನೆಗೆ ಬರಬೇಕಾಗಿದ್ದ ಮಗ. ಇಷ್ಟು ನೆನಪಿದ್ದರೆ ಯಾವ ಪದ್ಯವೂ ಸೇನಾಪತಿಯ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಪ್ರತಿ ವಸಂತದಲ್ಲಿ ಟೋಕಿಯೋದಲ್ಲಿ ಸಕುರಾ ಅರಳಿತೆಂದು ಹವಾಮಾನ ಇಲಾಖೆ ಅಧಿಕೃತವಾಗಿ ಸಾರುತ್ತದೆ. ಅದಕ್ಕೆ ಒಂದು ಗೊತ್ತಾದ ಮರವಿದೆ. ಅದರಲ್ಲಿ ಐದಾರು ಹೂವು ಬಿಟ್ಟರೆ ಇಡೀ ನಗರಕ್ಕೆ ವಸಂತ. ಆ ಮರ ನಿಂತಿರುವುದು ಯಾಸುಕುನಿಯ ಅಂಗಳದಲ್ಲಿ. ಆ ಗುಡಿ ಸುಮಾರು 24 ಲಕ್ಷ 66 ಸಾವಿರ ಯುದ್ಧಮೃತರನ್ನು ದೇವರೆಂದು ಎಣಿಸಿಕೊಂಡಿದೆ. 1978ರಲ್ಲಿ ಅವರ ಜೊತೆ 14 ಜನ ಮೊದಲ ದರ್ಜೆಯ ಯುದ್ಧಾಪರಾಧಿಗಳನ್ನೂ ಸೇರಿಸಿಕೊಂಡಿತು. ಕಳಿಸಿದವರೂ ಹೋದವರೂ ಈಗ ಒಂದೇ ಹೂವಿನ ಕೆಳಗೆ. ಹೂವು ಯಾರನ್ನೂ ಬೇರೆ ಮಾಡುವುದಿಲ್ಲ, ಅದಕ್ಕೆ ಗೊತ್ತೂ ಇಲ್ಲ. ಬೇರೆ ಮಾಡಿ ಓದುವ ಕೆಲಸ ನಮ್ಮದು.